ಇಬ್ಬರಿಗೆ ಒಬ್ಬ ಶೆಲ್ಡನ್

ಎಲ್ಲ ಶುರುವಾದದ್ದು ಒಂದು ಮದುವೆ ಪ್ರಸ್ತಾಪದಿಂದ. ದುಬೈ ಹತ್ತಿರದ ಅಲ್ ಐನ್‌ನ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ತರನಾಗಿದ್ದ ಶೆಲ್ಡನ್ ಎಂಬ ಆರಡಿ ನಾಲ್ಕಿಂಚಿನ ಹುಡುಗನಿಗೆ ಮೊರಿಸ್ ತನ್ನ ತಂಗಿಯ ಸಂಬಂಧ ಕೇಳಿಸಿದ. ಹುಡುಗನ ಕಡೆಯವರು ಬೇಡ ಎಂದರು. ಬೇಡ ಎನ್ನುವ ಹಕ್ಕು ಯಾವ ಹುಡುಗನಿಗೂ ಇದೆ. ಆದರೆ ಶೆಲ್ಡನ್ ಅದನ್ನು ಹೇಳಿದ್ದು ಬಾಸ್ಕೆಟ್‌ಬಾಲ್ ಫೈನಲ್‌ಗೆ ಎರಡು ದಿನ ಇರುವಾಗ, ಮತ್ತು ಅವನು ಆಡುತ್ತಿದ್ದ ಬೊಳ್ಕಟ್ಟ ತಂಡದ ನಾಯಕ ಇದೇ ಮೊರಿಸ್.

ಶುಕ್ರವಾರ ಬೆಳಿಗ್ಗೆ ಆರೂವರೆಗೆ, ಎದುರು ತಂಡವಾದ ಪೆರ್ಲಗುಡ್ಡೆಯ ನಾಯಕ ರೇಮಂಡನ ಫೋನಿಗೆ ಮೊರಿಸನ ಮೆಸೇಜ್ ಬಂತು. 'ಶೆಲ್ಡನನ್ನು ನೀವೇ ಇಟ್ಟುಕೊಳ್ಳಿ. ಬದಲಿಗೆ ಬ್ರಾಯನ್ ಮತ್ತು ಜಯಪಾಲ ಇಬ್ಬರನ್ನೂ ಕೊಡಿ. ಹನ್ನೆರಡು ಗಂಟೆಯೊಳಗೆ ಹೇಳಿ.'

ದುಬೈಯಲ್ಲಿ ನಮ್ಮ ಕರಾವಳಿಯವರು ಎಂಟು ಜನ ಸೇರಿದರೆ ಒಂದು ಬಳಗ, ಎರಡು ಬಳಗ ಸೇರಿದರೆ ಒಂದು ಟೂರ್ನಮೆಂಟ್. ಕ್ರಿಕೆಟ್ ಎಲ್ಲರೂ ಆಡುತ್ತಾರೆಂದು ಇವರು ಬಾಸ್ಕೆಟ್‌ಬಾಲ್ ಹಿಡಿದಿದ್ದರು. ಊರಿಗೊಂದು ತಂಡ. ಪೆರ್ಲಗುಡ್ಡೆಯವನು ಪೆರ್ಲಗುಡ್ಡೆಗೆ, ಬೊಳ್ಕಟ್ಟದವನು ಬೊಳ್ಕಟ್ಟಕ್ಕೆ. ಊರಿನಲ್ಲಿ ಈ ಎರಡರ ನಡುವಿನ ಹೊಳೆಗೆ ಎಂದೋ ಸೇತುವೆ ಬಂದಿದ್ದರೂ ದುಬೈಯಲ್ಲಿ ಮಾತ್ರ ಆ ಹೊಳೆ ಈಗಲೂ ದಡ ಮೀರಿ ಹರಿಯುತ್ತಿತ್ತು. ಹೆಣ್ಣು ಕೊಟ್ಟು ತರುವುದು ಹಿಂದಿನಿಂದ ಇದ್ದದ್ದರಿಂದ ಸೋತವನಿಗೆ ಅತ್ತೆಮನೆಯಲ್ಲೂ ಅಜ್ಜಿಮನೆಯಲ್ಲೂ ಮುಖ ತೋರಿಸುವುದು ಕಷ್ಟವಾಗುತ್ತಿತ್ತು. ಒಂದೇ ತಂಡದ ಭಾವಂದಿರು ಮಾತು ಬಿಟ್ಟರೂ ಆಟ ನಿಲ್ಲಬಾರದೆಂದು ಒಂದು ನಿಯಮ ಮಾಡಿದ್ದರು. ಪಂದ್ಯದ ದಿನ ಮಧ್ಯಾಹ್ನ ಹನ್ನೆರಡರವರೆಗೆ, ಇಬ್ಬರು ನಾಯಕರೂ ಒಪ್ಪಿದರೆ, ಆಟಗಾರರನ್ನು ಅದಲು ಬದಲು ಮಾಡಿಕೊಳ್ಳಬಹುದು.

ರೇಮಂಡನಿಗೆ ನಲವತ್ತಾರು ವರ್ಷ. ರಾಸ್ ಅಲ್ ಖೋರ್‌ನ ಗ್ಯಾರೇಜೊಂದರಲ್ಲಿ ಸ್ಟೋರ್‌ಕೀಪರ್. ಅಲ್ಲಿ ಅವನು ಯಾರ ಬಾಯಿಯಲ್ಲೂ ಬರೇ 'ರೇಮಂಡ್, ಬ್ರೇಕ್ ಪ್ಯಾಡ್.' ಶುಕ್ರವಾರ ಮಾತ್ರ ಅವನು ಏಳನೇ ನಂಬರಿನ ಅಂಗಿ ತೊಟ್ಟ ನಾಯಕ. ಪೆರ್ಲಗುಡ್ಡೆ ಚರ್ಚಿನ ಹಾಲ್‌ನಲ್ಲಿ, ಗಲ್ಫಿನಲ್ಲಿ ಗೆದ್ದ ತಂಡಗಳ ಫೋಟೋ ಹಾಕುವ ಒಂದು ಗೋಡೆ ಇತ್ತು. ತ್ರೋಬಾಲ್ ಗೆದ್ದವರು ಅಲ್ಲಿದ್ದರು, ಹಗ್ಗಜಗ್ಗಾಟ ಗೆದ್ದವರು ಇದ್ದರು, ಇಸ್ಪೀಟು ಗೆದ್ದವರೂ ಇದ್ದರು. ಬಾಸ್ಕೆಟ್‌ಬಾಲ್ ಫೋಟೋದ ಜಾಗ ಮಾತ್ರ ಒಂಬತ್ತು ವರ್ಷದಿಂದ ಖಾಲಿ. ಪ್ರತಿ ರಜೆಯಲ್ಲೂ ಅವನ ತಾಯಿ, "ನಿನ್ನದು ಯಾವಾಗ ಮಗಾ?" ಎಂದು ಕೇಳುತ್ತಿದ್ದರು. ಈ ವರ್ಷ ಮೊದಲ ಸಲ ತಂಡ ಫೈನಲ್ ತಲುಪಿತ್ತು. ಕಪ್ ಕೈಯಲ್ಲಿ ಹಿಡಿದು, ನಡುವೆ ಕೂತು, ಆ ಗೋಡೆಗೆ ಏರಬೇಕು. ರೇಮಂಡನಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಅಷ್ಟೇ.

ಬೆಳಗ್ಗಿನ ಪೂಜೆ ಮುಗಿದು ಚರ್ಚಿನ ಅಂಗಳಕ್ಕೆ ಬಂದಾಗ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಬಂದಿತ್ತು. ಬ್ರಾಯನ್ ಓಡಿ ಬಂದ. ಬ್ರಾಯನ್ ಹೋಟೆಲೊಂದರ ರಿಸೆಪ್ಷನ್‌ನಲ್ಲಿ ಇದ್ದವನು, ಮಾತಿಗಿಂತ ಮೊದಲು ನಗುವ ಅಭ್ಯಾಸ. ಇವತ್ತು ನಗಲಿಲ್ಲ.

"ರೇಮಂಡಣ್ಣ, ಮೊರಿಸ್ ನನ್ನನ್ನು ಕೇಳಿದ್ದು ಹೌದಾ?"

"ಹೌದು. ನಿನ್ನನ್ನು, ಜಯಪಾಲನನ್ನು."

"ಮೊದಲು ಯಾರ ಹೆಸರು ಬರೆದದ್ದು?"

"ನಿಂದೇ ಮೊದಲು."

ಬ್ರಾಯನ್ ಅಂಗಿಯ ಕಾಲರ್ ಸರಿಮಾಡಿಕೊಂಡ. "ಅಲ್ಲ, ಮೊರಿಸನಿಗೆ ಆಟ ಗೊತ್ತುಂಟು ಅಂತ ನಾನು ಯಾವಾಗಲೂ ಹೇಳುದು," ಎಂದು ನಕ್ಕ.

ಜಯಪಾಲನಿಗೆ ನಗು ಬರಲಿಲ್ಲ. ಪೆರ್ಲಗುಡ್ಡೆಯಲ್ಲೇ ಹುಟ್ಟಿ, ಅಲ್ಲಿನ ಚರ್ಚ್ ಶಾಲೆಯಲ್ಲೇ ಒಂದನೇ ಕ್ಲಾಸಿನಿಂದ ಕಲಿತ ಬಂಟರ ಹುಡುಗ. ಈಗ ದುಬೈಯ ನೈಫ್ ಪೇಟೆಯಲ್ಲಿ ಸ್ವಂತ ಬಟ್ಟೆ ಅಂಗಡಿ. ಪೂಜೆಗೆ ಬರುವವನಲ್ಲದಿದ್ದರೂ ಪೂಜೆ ಬಿಟ್ಟ ಮೇಲಿನ ಚಹಾಕ್ಕೆ ತಪ್ಪದೆ ಬರುತ್ತಿದ್ದ. "ಎರಡು ಜನರಿಗೆ ಒಬ್ಬ ಅಂದ್ರೆ ಎಂತ ಅರ್ಥ ಮಾರ್ರೆ? ನಾನು ಅರ್ಧ ಶೆಲ್ಡನ್ ಅಂತ ಆಯ್ತಲ್ಲ?" ಎಂದು ಅವನು ಗೇಟಿನ ಬಳಿ ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದ.

ಅಂಗಳದಲ್ಲಿ ಎರಡು ಪಕ್ಷವಾಯಿತು. "ಹೋದ ವಾರ ಅವ ಒಬ್ಬನೇ ಮೂವತ್ತೊಂದು ಪಾಯಿಂಟ್ ಹಾಕಿದ. ಇಡೀ ಪೆರ್ಲಗುಡ್ಡೆ ಸೇರಿ ಹಾಕಿದ್ದು ಇಪ್ಪತ್ತಾರು. ಕಣ್ಣುಮುಚ್ಚಿ ತೆಗೊಳ್ಳಿ," ಎಂದರು ಒಬ್ಬರು. "ಅವ ಪಾಸ್ ಕೊಡುದಿಲ್ಲ. ಬಾಲ್ ಸಿಕ್ಕಿದರೆ ಊಟದ ಬಟ್ಟಲಿನ ಹಾಗೆ ಹಿಡ್ಕೊಳ್ತಾನೆ. ಅಂಥವನನ್ನು ತಂದು ಉಳಿದವರು ಎಂತ ಮಾಡುದು, ಚಪ್ಪಾಳೆ ತಟ್ಟುದಾ?" ಎಂದರು ಇನ್ನೊಬ್ಬರು. ಬಾಸ್ಕೆಟ್‌ಬಾಲ್ ಎಂದರೆ ಕಾಲಿನಲ್ಲೋ ಕೈಯಲ್ಲೋ ಎಂದು ತಿಳಿಯದ ಒಬ್ಬ ಹೆಂಗಸು, "ಎರಡು ಕೊಟ್ಟು ಒಂದು ತೆಗೊಳ್ಳುವ ಸೇಲ್ ಈ ದುಬೈಯಲ್ಲಿ ನಾನು ಕಂಡದ್ದೇ ಇಲ್ಲ," ಎಂದು ತನ್ನ ತೀರ್ಪು ಕೊಟ್ಟು ಹೋದಳು.

ರೇಮಂಡನ ಮಗಳು ಶಾರನ್‌ಗೆ ಹದಿನಾಲ್ಕು. "ಡ್ಯಾಡ್, ಟ್ರೇಡ್ ಈಸ್ ನಾರ್ಮಲ್. ಅಮೆರಿಕದಲ್ಲಿ ಎವ್ರಿ ಸೀಸನ್ ಮಾಡ್ತಾರೆ," ಎಂದಳು.

"ಮಾಡ್ತಾರೆ ಮಗಾ. ಮರುದಿನ ಅವರು ಒಂದೇ ಚರ್ಚಿಗೆ ಬರ್ಲಿಕ್ಕಿಲ್ಲ, ಒಂದೇ ಫ್ಲೈಟಲ್ಲಿ ಮಂಗಳೂರಿಗೆ ಹೋಗ್ಲಿಕ್ಕಿಲ್ಲ," ಎಂದ ರೇಮಂಡ್.

ತಂಡದಲ್ಲಿ ನಾಯಕನನ್ನು ಬಿಟ್ಟು ಆರು ಜನ. ಅಲ್ಲೇ ಕೈ ಎತ್ತಿಸಿದರು. ಮೂರು ಬೇಕು, ಮೂರು ಬೇಡ. ಮೊದಲ ಹೆಸರು ತನ್ನದಾಗಿದ್ದ ಖುಷಿಯಲ್ಲಿ ಬ್ರಾಯನ್ ತನ್ನನ್ನೇ ಮಾರುವುದಕ್ಕೆ ಕೈ ಎತ್ತಿದ್ದ. ಉಳಿದದ್ದು ನಾಯಕನ ಮತ. "ಹನ್ನೊಂದೂವರೆಗೆ ಕೋರ್ಟಿನ ಹತ್ತಿರ ಹೇಳ್ತೇನೆ," ಎಂದು ರೇಮಂಡ್ ತಪ್ಪಿಸಿಕೊಂಡ.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವನು ಎರಡೂ ಕಡೆಯನ್ನು ತೂಗಿ ನೋಡಿದ. ಈ ಹುಡುಗರನ್ನು ಒಂಬತ್ತು ವರ್ಷದಿಂದ ಅವನೇ ಕಟ್ಟಿಕೊಂಡು ಬಂದಿದ್ದ. ಡ್ಯೂಟಿ ಬಿಟ್ಟು ಬಸ್ಸಿನಲ್ಲಿ ಬಂದು ಪ್ರಾಕ್ಟೀಸ್ ಮಾಡಿದವರು, ಸೋತ ರಾತ್ರಿಯೂ ಒಟ್ಟಿಗೆ ಕೂತು ಪರೋಟ ತಿಂದವರು. ಅವರನ್ನು ನೆನೆದರೆ ಅವನಿಗೆ ಹೆಮ್ಮೆಯಾಗುತ್ತಿತ್ತು. ಆ ಖಾಲಿ ಗೋಡೆಯನ್ನು ನೆನೆದರೆ ಮಾತ್ರ ಶೆಲ್ಡನನ ಮೂವತ್ತೊಂದು ಪಾಯಿಂಟ್ ಕಣ್ಣ ಮುಂದೆ ಬರುತ್ತಿತ್ತು.

ಅವರ ಫ್ಲಾಟ್ ನೈಫ್‌ನ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವನ ಹೆಂಡತಿ ಅಗಾತಾ, ನೈಟ್ ಡ್ಯೂಟಿ ಮುಗಿಸಿ ಬಂದವಳು, ಕೋಳಿ ಸಾರಿಗೆ ಕೊತ್ತಂಬರಿ ಹುರಿಯುತ್ತಿದ್ದಳು. ಪಕ್ಕದ ಫ್ಲಾಟಿನ ನಫೀಸ ತೆಂಗಿನಕಾಯಿ ಕೇಳಲು ಬಂದು, ವಿಷಯ ಮುಗಿಯುವವರೆಗೆ ಹೋಗುವುದಿಲ್ಲ ಎಂಬಂತೆ ಬಾಗಿಲಿಗೆ ಒರಗಿ ನಿಂತಿದ್ದಳು. ರೇಮಂಡ್ ಎಲ್ಲ ಹೇಳಿದ.

"ಯಾವ ಶೆಲ್ಡನ್? ಉದ್ದ ಕುತ್ತಿಗೆಯವನಾ?" ಅಗಾತಾ ಕೇಳಿದಳು. "ಅವನ ತಾಯಿ ನಮ್ಮ ಕೆಳಗಿನಮನೆ ಕಾರ್ಮಿನ್ ಬಾಯಿಯ ಮಗಳಲ್ವಾ? ಬೊಳ್ಕಟ್ಟಕ್ಕೆ ಕೊಟ್ಟದ್ದು. ಇವ ಹುಟ್ಟುವಾಗ ನಾನು ಆರನೇ ಕ್ಲಾಸ್. ಆಸ್ಪತ್ರೆಯಿಂದ ರಿಕ್ಷಾದಲ್ಲಿ ನಮ್ಮ ಮನೆ ಎದುರಿಂದಲೇ ತಂದದ್ದು. ಹೆಸರಿಟ್ಟು ಜ್ಞಾನಸ್ನಾನ ಮಾಡಿಸಿದ ದಿನ ಕೇಕ್ ಹಂಚಿದ್ದು ನಾನೇ."

"ಎಲ್ಲಿ ಜ್ಞಾನಸ್ನಾನ?"

"ಎಲ್ಲಿ ಅಂದ್ರೆ? ನಮ್ಮ ಪೆರ್ಲಗುಡ್ಡೆ ಚರ್ಚಲ್ಲೇ. ಮೊದಲನೇ ಬಾಣಂತನ ತಾಯಿಮನೆಯಲ್ಲಿ ಅಲ್ವಾ? ಮೊದಲ ಮಗುವಿಗೆ ಜ್ಞಾನಸ್ನಾನವೂ ತಾಯಿಯ ಊರಿನ ಚರ್ಚಲ್ಲೇ ಕೊಡುದು. ನಿಮಗೆ ಅದೂ ಗೊತ್ತಿಲ್ವಾ?"

"ನಮ್ಮಲ್ಲಿಯೂ ಮೊದಲನೇದು ತಾಯಿಮನೆಯಲ್ಲೇ," ಎಂದಳು ನಫೀಸ.

ರೇಮಂಡ್ ಕುರ್ಚಿಯಿಂದ ಎದ್ದ. ಏಕೆಂದರೆ ಟೂರ್ನಮೆಂಟಿನ ನಿಯಮಗಳಲ್ಲಿ ಹದಿನಾಲ್ಕನೆಯದು ಹೀಗಿತ್ತು: ಆಟಗಾರನ ಊರು ಯಾವುದೆಂದು ತಕರಾರು ಬಂದರೆ, ಯಾವ ಚರ್ಚಿನ ಜ್ಞಾನಸ್ನಾನದ ಪುಸ್ತಕದಲ್ಲಿ ಅವನ ಹೆಸರಿದೆಯೋ ಅದೇ ಅವನ ಊರು, ಇತರ ಧರ್ಮದವರಿಗೆ ಒಂದನೇ ಕ್ಲಾಸು ಕಲಿತ ಶಾಲೆಯ ಊರು. ಯಾವುದೋ ತಂಡ ಕೇರಳದಿಂದ ಒಬ್ಬ ಎತ್ತರದವನನ್ನು ತಂದು ನಮ್ಮೂರಿನವ ಎಂದ ವರ್ಷ, ಕೋಪದಲ್ಲಿ ಈ ನಿಯಮ ಬರೆದದ್ದು ಬೇರೆ ಯಾರೂ ಅಲ್ಲ, ರೇಮಂಡನೇ. ಅದಾದ ಮೇಲೆ ಒಂದು ತಕರಾರೂ ಬಂದಿರಲಿಲ್ಲವಾದ್ದರಿಂದ ಯಾರ ಪುಸ್ತಕವನ್ನೂ ಯಾರೂ ತೆರೆಸಿರಲಿಲ್ಲ.

"ಅಗಾತಾ, ಶೆಲ್ಡನ್ ನಮ್ಮವನೇ. ಬ್ರಾಯನನ್ನೂ ಕೊಡ್ಲಿಕ್ಕಿಲ್ಲ, ಜಯಪಾಲನನ್ನೂ ಕೊಡ್ಲಿಕ್ಕಿಲ್ಲ. ಖಾಲಿ ಕೈಯಲ್ಲಿ ಹೋಗಿ ಕರ್ಕೊಂಡು ಬರುದು," ಎಂದ ರೇಮಂಡ್. ತಾನು ಇಷ್ಟು ಬುದ್ಧಿವಂತನೆಂದು ಅವನಿಗೇ ಆ ದಿನದವರೆಗೆ ಗೊತ್ತಿರಲಿಲ್ಲ.

"ಮೊರಿಸನ ತಂಗಿಯ ಸಂಕಟ ನಿಮಗೆ ಲಾಭ ಆಯ್ತು," ಎಂದಳು ಅಗಾತಾ. ಆದರೆ ಅವಳ ಮುಖವೂ ಅರಳಿತ್ತು. ಅವಳು ಹುಟ್ಟಿನಿಂದ ಪೆರ್ಲಗುಡ್ಡೆಯವಳು, ಆ ಗೋಡೆಯ ಎದುರಿನ ಬೆಂಚಿನಲ್ಲೇ ಮದುವೆಯ ದಿನ ಕೂತವಳು.

ಪೆರ್ಲಗುಡ್ಡೆ ಚರ್ಚ್ ಆಫೀಸಿನ ಗುಮಾಸ್ತ ಫೋನ್ ಎತ್ತಿದಾಗ ಇಲ್ಲಿ ಹತ್ತೂಮುಕ್ಕಾಲು, ಅಲ್ಲಿ ಹನ್ನೆರಡೂಕಾಲು. ಊಟಕ್ಕೆ ಹೊರಟು ನಿಂತಿದ್ದವನನ್ನು ರೇಮಂಡ್ ಬೇಡಿಕೊಂಡು ನಿಲ್ಲಿಸಿದ. ಸಾವಿರದ ಒಂಬೈನೂರ ತೊಂಬತ್ತನೇ ಇಸವಿಯ ಪುಸ್ತಕದ ಪುಟದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಬೇಕು, ಅಷ್ಟೇ. ಮೊದಲು ಬಂದ ಫೋಟೋದಲ್ಲಿ ಗುಮಾಸ್ತನ ಹೆಬ್ಬೆರಳು ಬಿಟ್ಟು ಬೇರೇನೂ ಇರಲಿಲ್ಲ. ಎರಡನೆಯದರಲ್ಲಿ ಹೆಸರುಗಳಿದ್ದವು, ಆದರೆ ಅದು ಸತ್ತವರ ಪುಸ್ತಕ. ಮೂರನೆಯದಕ್ಕೆ ಮೊದಲು, ತನ್ನ ತಂಗಿಯ ಮಗ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತಿದ್ದಾನೆ, ಒಂದು ವಿಸಾ ನೋಡಬೇಕಿತ್ತು ಎಂದು ಗುಮಾಸ್ತ ತಿಳಿಸಿದ. "ನೋಡುವ, ನೋಡುವ, ಬಯೋಡಾಟಾ ಕಳಿಸಿ," ಎಂದ ರೇಮಂಡ್. ತಕ್ಷಣ ಪುಟ ಬಂತು, ಅಚ್ಚುಕಟ್ಟಾಗಿ, ಶೆಲ್ಡನನ ಹೆಸರಿನ ಕೆಳಗೆ ಕೆಂಪು ಪೆನ್ನಿನ ಗೆರೆಯೂ ಇತ್ತು.

ನೈಫ್‌ನಲ್ಲಿ ಶುಕ್ರವಾರ ಸಿಕ್ಕಿದ ಪಾರ್ಕಿಂಗನ್ನು ಬಿಟ್ಟು ಹೊರಡುವುದೆಂದರೆ ಸಣ್ಣ ತ್ಯಾಗವಲ್ಲ. ರೇಮಂಡ್ ಹಿಂದೆ ನೋಡದೆ ಹೊರಟ. ಹೆಂಡತಿ, ಮಗಳು, ಕೋಳಿ ಸಾರಿನ ಪಾತ್ರೆ ಎಲ್ಲ ಗಾಡಿಯಲ್ಲೇ. ಕುಸೈಸ್‌ನ ಶಾಲೆಯೊಂದರ ಕೋರ್ಟ್ ತಲುಪಿದಾಗ ಗಂಟೆ ಹನ್ನೊಂದೂ ನಲವತ್ತು. ಎರಡೂ ತಂಡದವರು ನೆರಳಿನಲ್ಲಿ ನಿಂತಿದ್ದರು. ನಡುವೆ ಮೇಜು ಹಾಕಿ, ಕುತ್ತಿಗೆಗೆ ಸೀಟಿ, ಎದುರಿಗೆ ಫೈಲ್ ಇಟ್ಟುಕೊಂಡು ಚಂದ್ರಮತಿ ಟೀಚರ್ ಕೂತಿದ್ದರು. ಅವರ ಊರಿಗೆ ತಂಡವೇ ಇರಲಿಲ್ಲವಾದ್ದರಿಂದ ನಿಯಮದ ಉಸ್ತುವಾರಿಯನ್ನು ಅವರಿಗೇ ಕೊಟ್ಟಿದ್ದರು. ಇಪ್ಪತ್ತು ವರ್ಷ ಗಣಿತ ಕಲಿಸಿದವರಿಗೆ ನಿಯಮವೆಂದರೆ ಎರಡು ಮಾತಿಲ್ಲ.

"ಎಂತ ತೀರ್ಮಾನ ರೇಮಂಡ್? ಇಬ್ಬರನ್ನು ಕೊಡ್ತೀರಾ?" ಮೊರಿಸ್ ಕೇಳಿದ.

"ಒಬ್ಬನನ್ನೂ ಕೊಡುದಿಲ್ಲ. ಟೀಚರೇ, ನಂದು ತಕರಾರು ಉಂಟು. ಹದಿನಾಲ್ಕನೇ ನಿಯಮ. ಶೆಲ್ಡನ್ ಬೊಳ್ಕಟ್ಟದವನೇ ಅಲ್ಲ. ಈ ಮೊರಿಸ್ ನಮ್ಮದನ್ನೇ ನಮಗೆ ಮಾರ್ಲಿಕ್ಕೆ ಬಂದದ್ದು," ಎಂದು ರೇಮಂಡ್ ಫೋನನ್ನು ಮೇಜಿನ ಮೇಲಿಟ್ಟ.

ಚಂದ್ರಮತಿ ಟೀಚರ್ ಕನ್ನಡಕ ಏರಿಸಿ ಪುಟ ನೋಡಿದರು, ನಿಯಮ ನೋಡಿದರು, ಮತ್ತೆ ಪುಟ ನೋಡಿದರು. "ಸರಿ ಉಂಟು. ಶೆಲ್ಡನ್, ನೀನು ಎಂತ ಹೇಳ್ತಿ?"

ಶೆಲ್ಡನ್ ಕಿವಿಯಿಂದ ಇಯರ್‌ಫೋನ್ ತೆಗೆದ. ಅವನಿಗೆ ಮೊದಲಿನಿಂದ ಹೇಳಬೇಕಾಯಿತು. "ಐ ಡೋಂಟ್ ಮೈಂಡ್, ಟೀಚರ್," ಎಂದ ಕೊನೆಗೆ. "ಉದ್ದದ ಜರ್ಸಿ ಉಂಟಾ, ಅಂಕಲ್?"

ಪೆರ್ಲಗುಡ್ಡೆಯವರು ಕುಣಿದಾಡಿದರು. ಅರ್ಧ ಶೆಲ್ಡನ್ ಆಗುವುದು ತಪ್ಪಿದ ಜಯಪಾಲ ರೇಮಂಡನನ್ನು ತಬ್ಬಿಕೊಂಡ. ಬ್ರಾಯನ್‌ಗೆ ಮಾತ್ರ ತನ್ನನ್ನು ಇನ್ನು ಯಾರೂ ಕೇಳುತ್ತಿಲ್ಲವಲ್ಲ ಎಂದು ಸ್ವಲ್ಪ ಬೇಸರ. ರೇಮಂಡನ ಎದೆ ಏಳನೇ ನಂಬರಿನ ಅಂಗಿಯೊಳಗೆ ಹಿಡಿಸುತ್ತಿರಲಿಲ್ಲ.

ಮೊರಿಸ್ ತನ್ನವರನ್ನು ಎಣಿಸಿದ. ಇಬ್ಬರು ಊರಿಗೆ ರಜೆಯ ಮೇಲೆ ಹೋಗಿದ್ದರು. ಶೆಲ್ಡನ್ ಹೋದರೆ ಉಳಿಯುವುದು ನಾಲ್ಕು. "ಟೀಚರೇ, ನಾಲ್ಕು ಜನ ಹೇಗೆ ಆಡುದು? ನಮ್ಮ ಹುಡುಗನ ಪುಸ್ತಕ ತೆಗೆದದ್ದಾದರೆ ಅವರದ್ದೂ ತೆಗೀಬೇಕು. ಅವರ ಹತ್ತಿರ ಬೇರೆ ಊರಿನವರು ಯಾರೂ ಇಲ್ಲ ಅಂತ ಎಂತ ಗ್ಯಾರಂಟಿ?"

"ಅದೂ ಸರಿ," ಎಂದರು ಟೀಚರ್.

ಇಲ್ಲಿ ರೇಮಂಡ್ ಸುಮ್ಮನಿರಬಹುದಿತ್ತು. ಗಂಟೆ ಹನ್ನೆರಡಾಗಲು ಹತ್ತು ನಿಮಿಷ. ಹೇಗೋ ಎಳೆದು ದಾಟಿಸಬಹುದಿತ್ತು. ಆದರೆ ಗೆದ್ದ ಮನುಷ್ಯ ಸುಮ್ಮನಿದ್ದದ್ದನ್ನು ಯಾರೂ ಕಂಡಿಲ್ಲ. "ನೋಡಿ ಮಾರಾಯ್ರೆ, ಎಲ್ಲರದ್ದೂ ನೋಡಿ. ಪೆರ್ಲಗುಡ್ಡೆಯಲ್ಲಿ ಕಳ್ಳ ಸಾಮಾನು ಮಾಫಿ, ಇಲ್ಲವೇ ಇಲ್ಲ. ಮೊದಲು ನಂದೇ ನೋಡಿ," ಎಂದು ಊಟ ಮುಗಿಸಿ ಆಫೀಸಿಗೆ ಮರಳಿದ್ದ ಗುಮಾಸ್ತನಿಗೆ ಮತ್ತೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಿಸಲಿ ಎಂದು ಸ್ಪೀಕರ್ ಒತ್ತಿದ. "ಎಪ್ಪತ್ತನೇ ಇಸವಿಯ ಪುಸ್ತಕ ತೆಗೆಯಿರಿ. ಜುಲೈ. ನನ್ನ ಹೆಸರು ಓದಿ."

ಪುಟ ಮಗುಚುವ ಸದ್ದು ದುಬೈಯವರೆಗೆ ಕೇಳಿಸಿತು.

"ನಿಮ್ಮ ಹೆಸರು ಇಲ್ಲ," ಎಂದ ಗುಮಾಸ್ತ.

"ಸರಿ ನೋಡಿ."

"ನೋಡಿದೆ. ನಿಮ್ಮ ತಮ್ಮ ಉಂಟು, ಎಪ್ಪತ್ತೆರಡು. ತಂಗಿಯರು ಉಂಟು, ಎಪ್ಪತ್ತನಾಲ್ಕು, ಎಪ್ಪತ್ತೇಳು. ನೀವು ಒಬ್ಬರು ಇಲ್ಲ. ಅಲ್ಲ, ಬಯೋಡಾಟಾ ಯಾವ ಈಮೇಲಿಗೆ ಕಳಿಸುದು?"

ರೇಮಂಡ್ ಫೋನ್ ಇಟ್ಟ. ಅವನ ಮುಖ ನೋಡಿ ಅಗಾತಾಳಿಗೆ ಮೊದಲು ಹೊಳೆಯಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಕೂತಳು. ಆದರೂ ರೇಮಂಡ್ ನಂಬಲಿಲ್ಲ. ಊರಿನಲ್ಲಿ ತಮ್ಮನ ಮನೆಯಲ್ಲಿದ್ದ ತಾಯಿಗೆ ಫೋನ್ ಮಾಡಿದ. ಗಾಬರಿಯಲ್ಲಿ ಸ್ಪೀಕರ್ ಆರಿಸಲು ಮರೆತ.

"ಅಮ್ಮಾ, ನನ್ನ ಜ್ಞಾನಸ್ನಾನ ಎಲ್ಲಿ ಆದದ್ದು?"

"ಬೊಳ್ಕಟ್ಟದಲ್ಲಿ ಮಗಾ," ಎಂದಿತು ನಿಶ್ಚಿಂತೆಯ ದನಿ. "ನೀನು ಮೊದಲನೆಯವ ಅಲ್ವಾ? ನನ್ನ ಬಾಣಂತನ ನನ್ನ ಅಮ್ಮನ ಮನೆಯಲ್ಲಿ. ಹೊಳೆಯಲ್ಲಿ ನೆರೆ ಇತ್ತು, ನಿನ್ನ ಅಪ್ಪ ಆಚೆ ದಡದಲ್ಲೇ ನಿಂತು ಕೈ ಬೀಸಿದ್ದು. ನಿನ್ನ ಮದುವೆಗೆ ಆ ಚೀಟಿ ಬೇಕಾದಾಗಲೂ ಅಪ್ಪನೇ ಬೊಳ್ಕಟ್ಟಕ್ಕೆ ಹೋಗಿ ತಂದದ್ದು. ಯಾಕೆ ಮಗಾ, ಎಂತ ಆಯ್ತು?"

"ಎಂತ ಇಲ್ಲ ಅಮ್ಮಾ."

ಮೊರಿಸ್ ನಗಲಿಲ್ಲ. ಅವನು ಮತ್ತೆ ಎಣಿಸುತ್ತಿದ್ದ. ಈ ಸಲ ಐದು ಬಂತು.

"ಹಾಗಾದರೆ ಶೆಲ್ಡನ್ ಪೆರ್ಲಗುಡ್ಡೆಗೆ, ರೇಮಂಡ್ ಬೊಳ್ಕಟ್ಟಕ್ಕೆ," ಎಂದು ಚಂದ್ರಮತಿ ಟೀಚರ್ ಫೈಲಿನಲ್ಲಿ ಬರೆದು ಕೆಳಗೆ ಗೆರೆ ಎಳೆದರು. "ಗಂಟೆ ಹನ್ನೆರಡಾಯ್ತು. ಇನ್ನು ಅದಲು ಬದಲು ಇಲ್ಲ. ಖಲಾಸ್."

"ಟೀಚರೇ, ಒಂಬತ್ತು ವರ್ಷದಿಂದ ನಾನು ಇವರ ನಾಯಕ," ಎಂದ ರೇಮಂಡ್.

"ಒಂಬತ್ತು ವರ್ಷ ತಪ್ಪು ಮಾಡಿದ್ದೀರಿ ಅಂತ ಆಯ್ತು. ಹಿಂದಿನದ್ದನ್ನು ನಾನು ಕೇಳುದಿಲ್ಲ," ಎಂದರು ಟೀಚರ್, ದೊಡ್ಡ ಮನಸ್ಸಿನಿಂದ.

ಏಳನೇ ನಂಬರಿನ ಅಂಗಿಯನ್ನು ರೇಮಂಡ್ ಅಲ್ಲೇ ಬಿಚ್ಚಿ ಬ್ರಾಯನ್‌ಗೆ ಕೊಟ್ಟ. ಕೊಡುವಾಗ ಅವನ ಕಣ್ಣು ತುಂಬಿತು. ಜಯಪಾಲ ಬಂದು ಹೆಗಲ ಮೇಲೆ ಕೈ ಇಟ್ಟ. "ರೇಮಂಡಣ್ಣ, ಒಂದು ವಿಷಯ ಎಣಿಸಿ. ನಾವು ಇಬ್ಬರು ಸೇರಿ ಒಬ್ಬ ಶೆಲ್ಡನ್. ನೀವು ಒಬ್ಬರೇ ಇಡೀ ಒಂದು ಶೆಲ್ಡನ್." ಅದು ಸಮಾಧಾನಕ್ಕೆ ಹೇಳಿದ ಮಾತಾದರೂ ರೇಮಂಡನಿಗೆ ಹಿತವಾಯಿತು.

ಪಂದ್ಯ ಐದು ಗಂಟೆಗೆ. ಅಗಾತಾ ಪೆರ್ಲಗುಡ್ಡೆಯ ಬೆಂಚಿನಲ್ಲಿ ಕೂತಳು. "ನೀವು ನನ್ನ ಗಂಡ ಹೌದು. ಆದರೆ ಊರು ಊರೇ," ಎಂದಳು. ಎಲ್ಲಿ ಕೂರುವುದೆಂದು ತಿಳಿಯದ ಶಾರನ್ ಟೀಚರ ಪಕ್ಕ ಕೂತು ಸ್ಕೋರ್ ಬರೆಯಲು ಒಪ್ಪಿಕೊಂಡಳು. ಕಾಲು ನೋವೆಂದು ಹೊರಗುಳಿಯುವ ಯೋಚನೆ ರೇಮಂಡನಿಗೆ ಬಂದಿತ್ತು. ಆದರೆ ಆಡದಿದ್ದರೆ ಓಡಿಹೋದ ಎನ್ನುತ್ತಾರೆ, ಸೋಮಾರಿಯಾಗಿ ಆಡಿದರೆ ಮಾರಿಕೊಂಡ ಎನ್ನುತ್ತಾರೆ. ಅವನ ಮಾನ ಎರಡಕ್ಕೂ ಒಪ್ಪಲಿಲ್ಲ. ಯಾರದೋ ಅಂಗಿಯನ್ನು ತೊಟ್ಟು, ಬೆನ್ನ ಮೇಲೆ ಬೊಳ್ಕಟ್ಟ ಎಂದು ಬರೆಸಿಕೊಂಡು, ಅವನು ಕೋರ್ಟಿಗಿಳಿದ.

ಆಟ ಶುರುವಾಗಿ ಹತ್ತು ನಿಮಿಷದಲ್ಲಿ ಬೆಳಗ್ಗಿನ ಜಗಳದ ಎರಡೂ ಪಕ್ಷ ಸರಿಯೆಂದು ಎಲ್ಲರಿಗೂ ಕಂಡಿತು. ಶೆಲ್ಡನ್ ಪಾಯಿಂಟ್ ಹಾಕಿದ್ದೇ ಹಾಕಿದ್ದು. ಅವನು ಪಾಸ್ ಕೊಡಲಿಲ್ಲ ಎಂಬುದೂ ಅಷ್ಟೇ ನಿಜ. ಒಂಬತ್ತು ವರ್ಷ ಬ್ರಾಯನ್‌ನಿಂದ ಜಯಪಾಲನಿಗೆ, ಜಯಪಾಲನಿಂದ ಇನ್ನೊಬ್ಬನಿಗೆ ಚೆಂಡು ದಾಟಿಸಿ ಆಡಿದ ಹುಡುಗರು ಕೈ ಚಾಚಿ ನಿಂತರು, ಆಮೇಲೆ ಕೈ ಇಳಿಸಿದರು, ಆಮೇಲೆ ನಿಜವಾಗಿಯೂ ಚಪ್ಪಾಳೆ ತಟ್ಟಲು ಶುರುಮಾಡಿದರು. ಇತ್ತ ಬೊಳ್ಕಟ್ಟಕ್ಕೆ ಸ್ಟಾರ್ ಇಲ್ಲದ್ದರಿಂದ ಐದೂ ಜನ ಓಡಲೇಬೇಕಾಯಿತು. ಬ್ರಾಯನ್ ಎಡಕ್ಕೆ ನೋಡಿ ಬಲಕ್ಕೆ ಹೋಗುತ್ತಾನೆ, ಜಯಪಾಲ ಚೆಂಡಿಗೆ ಹಾರುವ ಮೊದಲು ಮೂಗು ಒರೆಸುತ್ತಾನೆ, ಎಲ್ಲವೂ ರೇಮಂಡನಿಗೆ ಗೊತ್ತಿತ್ತು. ಹೇಳಬಾರದೆಂದು ಎಣಿಸಿದ್ದ. ಆದರೆ ಒಂಬತ್ತು ವರ್ಷ ನಾಯಕನಾಗಿದ್ದವನ ಬಾಯಿ ಮೈದಾನದಲ್ಲಿ ಸುಮ್ಮನಿರುವುದಿಲ್ಲ. "ಬಲಕ್ಕೆ, ಬಲಕ್ಕೆ ಬರ್ತಾನೆ, ಯಲ್ಲಾ, ಓಡಿ ಬೇಗ," ಎಂದು ಕೂಗಿಯೇ ಬಿಟ್ಟ.

ಕೊನೆಯ ಅರ್ಧ ನಿಮಿಷದಲ್ಲಿ ಪೆರ್ಲಗುಡ್ಡೆ ನಲವತ್ತು, ಬೊಳ್ಕಟ್ಟ ಮೂವತ್ತೊಂಬತ್ತು. ಶೆಲ್ಡನ್ ಎಸೆದದ್ದು ತಪ್ಪಿತು. ಚೆಂಡು ಮೊರಿಸನ ಕೈಗೆ ಬಂತು. ಅವನ ಮುಂದೆ ಇಬ್ಬರು. ಉಳಿದವರ ಮುಂದೆ ಒಬ್ಬೊಬ್ಬರು. ಬುಟ್ಟಿಯ ಕೆಳಗೆ ರೇಮಂಡ್ ಒಬ್ಬನೇ ನಿಂತಿದ್ದ. ಅವನನ್ನು ಕಾಯಲು ಪೆರ್ಲಗುಡ್ಡೆಯ ಒಬ್ಬನೂ ಹೋಗಲಿಲ್ಲ, ಏಕೆಂದರೆ ರೇಮಂಡಣ್ಣ ಎಸೆದದ್ದು ಬುಟ್ಟಿಗೆ ಬೀಳುವುದಿಲ್ಲ ಎಂದು ಅವರಷ್ಟು ಚೆನ್ನಾಗಿ ಬಲ್ಲವರು ಇನ್ನಾರೂ ಇರಲಿಲ್ಲ. ಮೊರಿಸ್ ಬೇರೆ ದಾರಿ ಕಾಣದೆ ಚೆಂಡನ್ನು ಅವನತ್ತ ಎಸೆದ. ರೇಮಂಡ್ ಹಿಡಿದ. ಯೋಚಿಸಲು ಸಮಯವಿದ್ದಿದ್ದರೆ ತಪ್ಪುತ್ತಿತ್ತೋ ಏನೋ. ಸಮಯವಿರಲಿಲ್ಲ, ಎಸೆದ. ಚೆಂಡು ಹಲಗೆಗೆ ತಾಗಿ, ಬಳೆಯ ಮೇಲೆ ಒಂದು ಸುತ್ತು ಹಾಕಿ, ಒಳಗೆ ಬಿತ್ತು.

ಸೀಟಿ ಊದಿದ ಮೇಲೆ ಮೊದಲು ಎದ್ದು ನಿಂತವಳು ಅಗಾತಾ. ಎರಡು ಸಲ ಚಪ್ಪಾಳೆ ತಟ್ಟಿ, ತಾನೆಲ್ಲಿ ಕೂತಿದ್ದೇನೆಂದು ನೆನಪಾಗಿ, ಕೈಗಳನ್ನು ಸೆರಗಿನೊಳಗೆ ಸೇರಿಸಿದಳು. ಶಾರನ್ ಸ್ಕೋರ್ ಪಟ್ಟಿಯಲ್ಲಿ ಅಪ್ಪನ ಹೆಸರಿನ ಎದುರು ಎರಡು ಎಂದು ಬರೆದು, ಪಕ್ಕದಲ್ಲಿ ಒಂದು ಹೃದಯವನ್ನೂ ಬಿಡಿಸಿದಳು. ಟೀಚರ್ ಅದನ್ನು ರಬ್ಬರಿನಿಂದ ಅಳಿಸಿದರು.

ಕಪ್ಪನ್ನು ಮೊರಿಸ್ ತಾನು ಹಿಡಿಯಲಿಲ್ಲ. "ಪ್ರಾಯದಲ್ಲಿ ದೊಡ್ಡವರು ಹಿಡೀಬೇಕು," ಎಂದು ರೇಮಂಡನನ್ನು ನಡುವೆ ಕೂರಿಸಿದ. ಫೋಟೋ ತೆಗೆದರು. ಅದು ಹತ್ತು ನಿಮಿಷದಲ್ಲಿ ಊರು ತಲುಪಿತು, ಇನ್ನೈದು ನಿಮಿಷದಲ್ಲಿ ತಾಯಿಯ ವಾಯ್ಸ್ ಮೆಸೇಜ್ ಬಂತು: ಬೊಳ್ಕಟ್ಟದ ಫಾದರ್‌ಗೆ ಫೋನ್ ಮಾಡಿ ಹೇಳಿಯಾಗಿದೆ, ಅವರ ಹಾಲ್‌ನ ಬಾಗಿಲ ಎದುರೇ ಹಾಕುತ್ತಾರಂತೆ, ನನ್ನ ತವರಿನವರೆಲ್ಲ ನೋಡಬಹುದು ಮಗಾ. ತಾಯಿಯ ದನಿಯ ಹಿಗ್ಗು ಕೇಳಿ ರೇಮಂಡನಿಗೆ ಹೆಮ್ಮೆಯೂ ಆಯಿತು, ಅಳುವೂ ಬಂತು. ಬೇಕೆಂದದ್ದೆಲ್ಲ ಸಿಕ್ಕಿತ್ತು. ಗೋಡೆ ಮಾತ್ರ ಹೊಳೆಯ ಆಚೆ ದಡದ್ದು.

ಪಾರ್ಕಿಂಗ್‌ಗೆ ಬಂದಾಗ ಪೆರ್ಲಗುಡ್ಡೆಯವರು ಅವನದೇ ಗಾಡಿಯ ಸುತ್ತ ಗುಂಪು ಸೇರಿ, ಅವನದೇ ಮನೆಯ ಕೋಳಿ ಸಾರು ತಿನ್ನುತ್ತ, ಜೋರು ಜೋರಾಗಿ ವಾದ ಮಾಡುತ್ತಿದ್ದರು.

"ಮುಂದಿನ ಸಲಕ್ಕೆ ಶೆಲ್ಡನನ್ನು ಕೊಟ್ಟು ರೇಮಂಡಣ್ಣನನ್ನು ತರುವ. ಬೇಕಾದ್ರೆ ಜೊತೆಗೆ ಇನ್ನೊಬ್ಬನನ್ನೂ ಕೊಡುವ. ಅಂಥ ಆಟಗಾರನಿಗೆ ಇಬ್ಬರು ಹೆಚ್ಚಲ್ಲ," ಎನ್ನುತ್ತಿದ್ದ ಜಯಪಾಲ.

"ಇಬ್ಬರು ಜಾಸ್ತಿ ಆಯ್ತು. ಅವರಿಗೆ ಮೊಣಕಾಲು ನೋವುಂಟು, ರಾತ್ರಿ ಎಣ್ಣೆ ಹಚ್ಚುದು ನಾನು," ಎಂದಳು ಅಗಾತಾ.

"ಐ ಡೋಂಟ್ ಮೈಂಡ್," ಎಂದ ಶೆಲ್ಡನ್.

ರೇಮಂಡ್ ಕಪ್ ಹಿಡಿದುಕೊಂಡು ಹತ್ತಿರ ಹೋದ. ಎಲ್ಲರೂ ಥಟ್ಟನೆ ಮಾತು ನಿಲ್ಲಿಸಿದರು. ಬ್ರಾಯನ್ ಮುಂದೆ ಬಂದು, ರಿಸೆಪ್ಷನ್‌ನಲ್ಲಿ ರೂಮ್ ಖಾಲಿ ಇಲ್ಲ ಎನ್ನುವಾಗಿನ ಅದೇ ನಯದಿಂದ ಹೇಳಿದ. "ಬೇಜಾರು ಮಾಡ್ಬೇಡಿ ರೇಮಂಡಣ್ಣ. ಇದು ನಮ್ಮ ತಂಡದ ಒಳಗಿನ ಮೀಟಿಂಗ್. ಎದುರು ತಂಡದವರು ಇರುವಾಗ ಮಾತಾಡಬಾರದು ಅಂತ ನೀವೇ ಕಲಿಸಿದ್ದು."

ಅದು ನಿಜವೇ ಆಗಿತ್ತು. ಕಲಿಸಿದ್ದನ್ನು ಹುಡುಗರು ಮರೆತಿಲ್ಲವೆಂದು ಅವನಿಗೆ ಹೆಮ್ಮೆಯೇ ಆಯಿತು. ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು ಮೊರಿಸನ ಗಾಡಿಯ ಕಡೆಗೆ ನಡೆದ. ಕಾಲು ಮುಂದೆ ಹೋದರೂ ಕಿವಿ ಹಿಂದೆಯೇ ಉಳಿಯಿತು. ಕೈ ಎತ್ತಿಸುತ್ತಿದ್ದರು. ಮೂರು ಬೇಕು, ಮೂರು ಬೇಡ. ಉಳಿದದ್ದು ನಾಯಕನ ಮತ.

ಬ್ರಾಯನ್ ಏಳನೇ ನಂಬರಿನ ಅಂಗಿಯನ್ನು ಒಮ್ಮೆ ಕೆಳಗೆಳೆದು ಸರಿಮಾಡಿಕೊಂಡ. "ಹೊರಗಿನಿಂದ ಸ್ಟಾರ್‌ಗಳನ್ನು ತರುದು," ಎಂದ ಗಂಭೀರವಾಗಿ, "ನಮ್ಮ ಊರಿಗೆ ಆಗಿ ಬರುದಿಲ್ಲ."